ಫಿಲ್ಟರ್ ದಾಟದ ನೀರು

ಇಪ್ಪತ್ತು ವರ್ಷ ಕ್ಷೌರದ ಕತ್ತಿ ಹಿಡಿದರೂ ಒಬ್ಬರ ಕೆನ್ನೆಗೂ ಗೀರು ಮಾಡದ ಆಸಾಮಿ ಆತ. ಆದರೆ ಮೂರು ವಾರದಿಂದ ಮಗಳು ಅವನೊಡನೆ ಮಾತು ಬಿಟ್ಟಿದ್ದಳು.

ಅಂಗಡಿಯಲ್ಲಿದ್ದ ಗಾಜಿನ ತೊಟ್ಟಿ ಮಗಳದು. ಮರಿಯಿಂದ ಸಾಕಿದ ಹನ್ನೊಂದು ಮೀನು ಒಂದೇ ವಾರದಲ್ಲಿ ಹೊಟ್ಟೆ ಮೇಲಾಗಿ ತೇಲಿದವು. "ನಿಮ್ಮಪ್ಪ ಸೋಪಿನ ಕೈ ಅದ್ದಿರ್ತಾನೆ ಕಣಮ್ಮಾ," ಎಂದು ಅವಳ ಕಿವಿ ಊದಿದವನು ಪಕ್ಕದ ಬೀದಿಯ ಪ್ಲಂಬರ್. ಪಾಪಿ, ಬೀದಿಗೆಲ್ಲ ಡಂಗುರವನ್ನೂ ಸಾರಿದ. ಹುಡುಗಿ ನಂಬಿದಳು. ಅಪ್ಪ ಬಡಿಸಿದ ಊಟವನ್ನೂ ಮುಟ್ಟಲಿಲ್ಲ.

ಒಂದು ಬೆಳಿಗ್ಗೆ ಬ್ರಷ್ಷು ತಿಕ್ಕುತ್ತಿದ್ದವನಿಗೆ ಥಟ್ಟನೆ ಹೊಳೆಯಿತು. ಗಡಸು ನೀರಿನಲ್ಲಿ ಏಳದ ನೊರೆ ಈಗ ಬಟ್ಟಲು ತುಂಬ ಉಕ್ಕುತ್ತಿದೆ. ನೀರು ಮೆದು ಮಾಡುವ ಯಂತ್ರವನ್ನು ಪ್ಲಂಬರ್ ಕೂರಿಸಿಹೋದಂದಿನಿಂದ. ಮೊದಲ ಮೀನು ಸತ್ತದ್ದು ಅದರ ಮರುದಿನ! ಮಂಡಿಯೂರಿ ಪೈಪಿನ ಜಾಡು ಹಿಡಿದ. ಆ ಯಂತ್ರ ನೀರಿನ ಸುಣ್ಣ ತೆಗೆದು ಉಪ್ಪಿನಂಶ ಸೇರಿಸುತ್ತದೆ. ಆ ಉಪ್ಪು ತೆಗೆಯುವ ಫಿಲ್ಟರ್‌ನಲ್ಲಿ ಸೋಸಿದ ಮೇಲಷ್ಟೇ ಅದು ತೊಟ್ಟಿಗೆ ಹೋಗಬೇಕು. ಇಲ್ಲಿ ಫಿಲ್ಟರ್ ಒಣಗಿ ನೇತಾಡುತ್ತಿತ್ತು. ಪೈಪು ನೇರ ತೊಟ್ಟಿಗೇ ಸೇರಿತ್ತು.

ಹಲ್ಲು ಕಚ್ಚಿಕೊಂಡು ಕಾದ. ಶನಿವಾರ ಪ್ಲಂಬರ್ ತಾನಾಗಿಯೇ ಬಂದು ಕುರ್ಚಿಯಲ್ಲಿ ಒರಗಿದ.

"ಮಧ್ಯಾಹ್ನ ದೊಡ್ಡ ಮನುಷ್ಯರೊಬ್ಬರನ್ನ ನೋಡ್ಬೇಕು ಮಾರಾಯ. ಮೀಸೆ ಚೆನ್ನಾಗಿ ತಿದ್ದು," ಎಂದು ಕಣ್ಣು ಮುಚ್ಚಿದ.

ಸರಕ್! ಎಡಗಡೆಯ ಮೀಸೆ ಪೂರ್ತಿ ಹೋಯಿತು.

"ಅಯ್ಯಯ್ಯೋ! ಏನಯ್ಯಾ ಇದು?"

"ಉಪ್ಪು ತಿಂದವನು ನೀರು ಕುಡೀಲೇಬೇಕು. ನನ್ನ ಮಗಳಿಗೆ ನಿಜ ಹೇಳು, ಆ ಕಡೇದನ್ನೂ ತೆಗೆದು ಸಮ ಮಾಡ್ತೀನಿ. ಇಲ್ಲಾಂದ್ರೆ ಹೀಗೇ ಎದ್ದು ನಡಿ."

ಬೆಂಚಿನಲ್ಲಿ ಕಾದಿದ್ದವರು ಕಿಸಕ್ಕನೆ ನಕ್ಕರು. ಅಪ್ಪ ಕರೆದದ್ದಕ್ಕೆ ಮಗಳು ಒಳಗಿಂದ ಬಂದು ಬಾಗಿಲಲ್ಲಿ ನಿಂತಳು. ಪ್ಲಂಬರ್ ಕೈಯಿಂದ ಮುಖ ಮುಚ್ಚಿಕೊಂಡ.

"ಫಿಲ್ಟರ್ ಜಾಯಿಂಟು ಸೋರ್ತಿತ್ತಮ್ಮಾ. ಮತ್ತೆ ಯಾರು ಬಿಚ್ಚಿ ಹಾಕ್ತಾರೆ ಅಂತ ಪೈಪು ನೇರ ತೊಟ್ಟಿಗೇ ಕೊಟ್ಬಿಟ್ಟೆ. ನಿಮ್ಮಪ್ಪಂದು ತಪ್ಪಿಲ್ಲ."

ತಂದೆಗೆ ಕಣ್ಣು ಮಂಜಾಯಿತು. ಆದರೂ ಕೊಟ್ಟ ಮಾತು ಮಾತೇ ಎಂದು ಉಳಿದರ್ಧಕ್ಕೆ ಕತ್ತಿ ಎತ್ತಿದ. ಮಗಳು ಬಂದು ಅವನ ಕೈ ಹಿಡಿದಳು.

"ಬೇಡಪ್ಪಾ, ಹಾಗೇ ಹೋಗ್ಲಿ."

ಮೂರು ವಾರದಲ್ಲಿ ಅವಳು ಅಪ್ಪನೊಡನೆ ಆಡಿದ ಮೊದಲ ಮಾತು ಅದು. ಅಪ್ಪ ಕತ್ತಿ ಮಡಚಿಟ್ಟ.