ನೀತಿ ಬರೆಯದ ಅಕ್ಕೋರು

ಅಕ್ಕೋರ ಬಲಗೈ ಹೆಬ್ಬೆರಳು ರಜೆಯ ದಿನವೂ ಬೆಳ್ಳಗಿರುತ್ತಿತ್ತು. ಸೀಮೆಸುಣ್ಣ ಉಗುರಿನ ಸಂದಿಗೆ ಸೇರಿ ಅಲ್ಲೇ ಉಳಿದಿತ್ತು. ತೆಲುಗು ನಾಡಿನ ಮಕ್ತಲ್ ಹತ್ತಿರದ ನಮ್ಮೂರ ಕನ್ನಡ ಶಾಲೆಗೆ ಅವರೊಬ್ಬರೇ ಟೀಚರ್. ನಮಗಾಗಿ ನೀತಿಕತೆಗಳನ್ನು ಬರೆದು ರಾಯಚೂರಿನಲ್ಲಿ ಅಚ್ಚು ಹಾಕಿಸಿದ್ದರು. ಆ ಪುಸ್ತಕ ನಮ್ಮ ಶಾಲೆ ದಾಟಿ ಹೋಗಲಿಲ್ಲ. ಪ್ರತಿ ಕತೆಯ ಕೊನೆಗೆ ‘ನೀತಿ’ ಎಂದಿತ್ತು, ಮುಂದೆ ಖಾಲಿ ಜಾಗ. ತುಂಬುವವರು ನಾವು. ನನ್ನಂಥ ಬಾಯಿಲ್ಲದವಳು ತಡವರಿಸಿದರೆ, “ಅವಸರಿಲ್ಲವ್ವ, ನಾ ಕಾಯ್ತೀನಿ” ಎನ್ನುತ್ತಿದ್ದರು. ಗಂಟೆ ಹೊಡೆದರೂ ಕಾಯುತ್ತಿದ್ದರು.

ಒಂದು ಕತೆಯಲ್ಲಿ ಹುಡುಗಿಯೊಬ್ಬಳ ದೊಡ್ಡಪ್ಪ ಯಾರದೋ ಕುರಿಮರಿ ಮಾರಿ, ತೋಳ ಒಯ್ದಿತೆಂದು ಹೇಳಲು ಅವಳಿಗೆ ಕಲಿಸುತ್ತಾನೆ. ಅವಳು ಬೀರಪ್ಪನ ಗುಡಿ ಮುಂದೆ ನಿಜ ಹೇಳಿಬಿಡುತ್ತಾಳೆ. ಇದನ್ನು ಕೇಳಿದ ಊರ ಗೌಡರು ಸಿಟ್ಟಾಗಿ ಶಾಲೆಗೇ ಬಂದರು.

“ಹಿರೇರ ಮಾತು ಮೀರಾಕ ಕಲಸ್ತೀರೇನ್ರೀ? ನೀತಿ ನೀವ ಹೇಳ್ರಿ. ಇಲ್ಲಂದ್ರ ಈ ಪುಸ್ತಕ ಊರಾಗ ಬ್ಯಾಡ.”

ಅಕ್ಕೋರು ಸೀಮೆಸುಣ್ಣ ಅವರ ಕೈಗೇ ಕೊಟ್ಟರು. “ನೀವ ಬರೀರಿ ಗೌಡ್ರ. ಹುಡುಗ್ರು ಒಪ್ಪಿದ್ರ ಬರಕೋತಾರ.”

‘ಹಿರಿಯರ ಮಾತು ಮೀರಬಾರದು’ ಎಂದು ಗೌಡರು ಬೋರ್ಡಿನ ಮೇಲೆ ಬರೆದರು. ಯಾರೂ ಪೆನ್ಸಿಲ್ ಎತ್ತಲಿಲ್ಲ. ಅಕ್ಕೋರು ಕೈಕಟ್ಟಿ ಕಾದರು. ಕೊನೆಗೆ ಹಿಂದಿನ ಸಾಲಿನಿಂದ ಗೌಡರ ಮಗಳೇ ಕೇಳಿದಳು: “ಅಪ್ಪಾ, ಹಿರೇರ ಕಳ್ಳರಿದ್ರ?”

ಗೌಡರು ಸುಣ್ಣ ಎಸೆದು ನಡೆದರು. ಪುಸ್ತಕ ಉಳಿಯಿತು.

ಮೊಮ್ಮಕ್ಕಳೇ, ಎಷ್ಟೋ ವರ್ಷಗಳ ಮೇಲೆ ನಿಮ್ಮ ಅಜ್ಜ ತೀರಿಕೊಂಡಾಗ ಬಳೆ ಒಡೆಯಲು ಹೆಂಗಸರು ನನ್ನನ್ನು ಕೂರಿಸಿದರು. ಹಿರಿಯ ವಾರಗಿತ್ತಿ ಕಲ್ಲು ಹಿಡಿದಿದ್ದಳು. ಮುಪ್ಪಾಗಿದ್ದ ಅಕ್ಕೋರು ಕೋಲೂರಿಕೊಂಡು ಬಂದು ಎದುರು ಕುಳಿತರು. ಸುಮ್ಮನೆ ನನ್ನ ಮುಖ ನೋಡಿದರು, ಶಾಲೆಯಲ್ಲಿ ನೋಡುತ್ತಿದ್ದ ಹಾಗೆ.

“ಕೈ ಚಾಚಬೇ, ಹೊತ್ತಾಗತೈತಿ,” ಎಂದಳು ವಾರಗಿತ್ತಿ.

“ಅವಸರಿಲ್ಲವ್ವ,” ಎಂದರು ಅಕ್ಕೋರು.

ನಾನು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡೆ. “ಒಡೀಬ್ಯಾಡ್ರಿ. ಇವು ನನ್ನ ಬಳಿ.”

“ನಾಚಿಕಿ ಇಲ್ಲೇನ ನಿನಗ?”

“ನಾಚಿಕಿ ಐತ್ರೀ ಅಕ್ಕಾ. ಬಳೀನೂ ಇರ್ತಾವ.”

ಆ ಮನೆಯಲ್ಲಿ ನಾನು ಗಟ್ಟಿಯಾಗಿ ಆಡಿದ ಮೊದಲ ಮಾತು ಅದು. ಅಕ್ಕೋರು ಕೋಲು ಊರಿ ಎದ್ದರು. “ಬರ್ತೀನಿ,” ಎಂದಷ್ಟೇ ಹೇಳಿ ಹೋದರು.

ಹೋದ ವರ್ಷ ಅವರು ತೀರಿಕೊಂಡರು. ಹಸಿರು ಬಳೆಯ ಕೈಯಿಂದಲೇ ಹೂ ಹಾಕಿದೆ. ಜನ ಪಿಸುಗುಟ್ಟಿದರು. ಪಿಸುಗುಟ್ಟಲಿ.

ಮಕ್ಕಳೇ, ನೀವು ತೆಲುಗು ಓದುವವರು, ಇದನ್ನು ಅಮ್ಮನಿಂದ ಓದಿಸಿಕೊಳ್ಳಿ. ಅಕ್ಕೋರ ಪುಸ್ತಕ ನನ್ನ ಪೆಟ್ಟಿಗೆಯಲ್ಲಿದೆ. ಕುರಿಮರಿ ಕತೆಯ ಕೆಳಗೆ ನಾನು ಇಂದಿಗೂ ಏನೂ ಬರೆದಿಲ್ಲ. ನೀತಿ ಏನೆಂದು ಯಾರಾದರೂ ಕೇಳಿದರೆ ಬಳೆ ತೊಟ್ಟ ಕೈ ಚಾಚುತ್ತೇನೆ.