ನನ್ನ ಬಿಲ್ಲುಗಾತಿಯನ್ನು ಅಡ್ಡ ನಿಲ್ಲಿಸಿದ ಭಾನುವಾರ

ಆ ಭಾನುವಾರ ನೆನಪಾದರೆ ಇವತ್ತಿಗೂ ನನ್ನ ಕೈಯ ಲಟ್ಟಣಿಗೆ ಜೋರಾಗಿ ಒತ್ತುತ್ತದೆ, ಚಪಾತಿ ಒಂದು ಮಗ್ಗುಲಿಗೆ ಹರಿದುಹೋಗುತ್ತದೆ. ದನಿಯೇರಿಸಿ ಅಭ್ಯಾಸವಿಲ್ಲದವಳು ನಾನು. ಗದಗಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ್ದು ಮೆಲ್ಲಗೆ ಮಾತಾಡುವುದನ್ನು. ಬೆಟಗೇರಿಯ ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಅತ್ತೆ ಕಲಿಸಿದ್ದೂ ಅದನ್ನೇ. ಸಿಟ್ಟೆಲ್ಲ ಹಿಟ್ಟಿನ ಮೇಲೆ ಹೋಗುತ್ತದೆ.

ಮೇಜಿನ ಮೇಲೆ ಆಡುವ ಆ ಕಥೆಯಾಟವನ್ನು ನಮ್ಮ ಮನೆಗೆ ತಂದವನು ಮೈದುನ. ಕೋಟೆ, ಕಾಡು, ರಾಕ್ಷಸರ ಕಥೆಯನ್ನು ಒಬ್ಬರು ಹೇಳುತ್ತ ಹೋಗಬೇಕು. ಉಳಿದವರು ತಲಾ ಒಂದು ಪಾತ್ರವಾಗಿ, ತಮ್ಮ ಸರದಿ ಬಂದಾಗ ಏನು ಮಾಡುತ್ತೇವೆಂದು ಹೇಳಬೇಕು. ಏಟು ತಾಕಿತೋ ಇಲ್ಲವೋ ಎನ್ನುವುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಕಥೆ ಹೇಳುವವನು ಮೈದುನ. ನನ್ನ ಗಂಡ ಕತ್ತಿವೀರ. ಲಕ್ಷ್ಮೇಶ್ವರದಲ್ಲಿ ಔಷಧದಂಗಡಿ ಇಟ್ಟುಕೊಂಡಿರುವ ಅವರ ಗೆಳೆಯ ಮಂತ್ರವಾದಿ. ನಾನು ಮೊದಮೊದಲು ಬರೀ ಪುಸ್ತಕ ಓದುವವಳು. ನಿಯಮದ ಪುಸ್ತಕ ಇಂಗ್ಲಿಷಿನಲ್ಲಿತ್ತು, ದಪ್ಪಗಿತ್ತು. ಆಟ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ, “ವೈನಿ, ಇದನ್ನೊಂಚೂರು ಬಿಡಿಸಿ ಹೇಳ್ರಿ” ಎಂದು ಮೈದುನ ಕೂಗುತ್ತಿದ್ದ. ನಾನು ಕೈ ಒರೆಸಿಕೊಂಡು ಬರುತ್ತಿದ್ದೆ.

ಅವರು ಯಾವಾಗಲೂ ಎಡವುತ್ತಿದ್ದದ್ದು ಮರೆ ಮತ್ತು ತಡೆಯ ನಿಯಮದಲ್ಲಿ. ಮರೆಯಲ್ಲಿದ್ದರೆ ವೈರಿಗೆ ಕಾಣುವುದಿಲ್ಲ, ಅಷ್ಟೇ. ಅವನು ಅಂದಾಜಿನ ಮೇಲೆ ಬಿಟ್ಟ ಬಾಣ ತೂರಿಕೊಂಡು ಬಂದೇ ಬರುತ್ತದೆ. ತಡೆ ಇದ್ದರೆ ಬಾಣವೇ ನಿಂತುಬಿಡುತ್ತದೆ. ನಾನು ಮನೆಯ ಸಾಮಾನುಗಳನ್ನೇ ತೋರಿಸಿ ಹೇಳಿಕೊಟ್ಟೆ. ಒಣಹಾಕಿದ ಚಾದರ ಮರೆ, ಜೋಳದ ಚೀಲ ತಡೆ. ಅಡುಗೆಮನೆಯ ಪರದೆ ಮರೆ, ಪಕ್ಕದ ಕಲ್ಲುಗೋಡೆ ತಡೆ. ಇನ್ನೂ ಒಂದಿತ್ತು. ನಡುವೆ ಬೇರೊಬ್ಬರು ನಿಂತಿದ್ದರೆ ಅವರ ಮೈಯೇ ಹಿಂದಿನವರಿಗೆ ಅರ್ಧ ತಡೆ. ಹಿಂದಿನವರಿಗೆ ತಪ್ಪಿದ ಬಾಣ ನಡುವೆ ನಿಂತವರಿಗೆ ತಾಕಬಹುದು. ಅದನ್ನೂ ನಾನೇ ಓದಿ ಹೇಳಿದ್ದೆ.

ಕೊನೆಗೊಂದು ದಿನ ನನಗೂ ಪಾತ್ರ ಸಿಕ್ಕಿತು. ಬಿಲ್ಲುಗಾತಿ. ಮೇಜಿನ ಮೇಲೆ ಹಾಸುವ ಆಟದ ಪಟದಲ್ಲಿ ಆಕೆಯ ಗುರುತಾಗಿ ನನ್ನ ಶಾಲೆಯ ಸ್ವೆಟರಿನ ನೀಲಿ ಗುಂಡಿ ಇಟ್ಟೆ. ಆಕೆಗೆ ನೀರೆಂದರೆ ಭಯ, ಎಡಗಾಲು ತುಸು ಕುಂಟು. ಬಯಲಿಗೆ ಬರುವವಳಲ್ಲ, ಗೋಡೆಯ ಹಿಂದೆ ನಿಂತು ಗುರಿಯಿಡುವವಳು. ನಮ್ಮ ಆಟದಲ್ಲಿ ಪಾತ್ರ ಸತ್ತರೆ, ಆ ಕಥೆ ಮುಗಿಯುವ ತನಕ ಮೇಜಿಗೆ ಬರುವಂತಿಲ್ಲ. ಕಥೆಯೋ ವರ್ಷಗಟ್ಟಲೆ ನಡೆಯುವಂಥದ್ದು. ವಾರದಲ್ಲಿ ಆ ಒಂದು ಮಧ್ಯಾಹ್ನ ಮಾತ್ರ ನಾನು ಕುರ್ಚಿಯ ಮೇಲೆ ಕುಳಿತಿರುತ್ತಿದ್ದೆ. ಉಪ್ಪು, ಟವೆಲ್ಲು, ಚಹಾ ಎಂದು ಯಾರೂ ಕರೆಯುತ್ತಿರಲಿಲ್ಲ. ಆಕೆ ಬದುಕಿರುವ ತನಕ ಆ ಕುರ್ಚಿ ನನ್ನದು.

ಆ ಭಾನುವಾರ ಮಿರ್ಚಿ ಕರಿದಿಟ್ಟು ಆಟಕ್ಕೆ ಕುಳಿತಿದ್ದೆ. ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಚೌಕದ ಮನೆಗಳನ್ನು ಗೀಚಿ ಪಟ ಮಾಡಿ, ಬೆಂಕಿಪೊಟ್ಟಣಗಳ ಗೋಡೆ ಕಟ್ಟಿದ್ದೆವು. ಕೋಟೆಯ ಮೇಲಿನಿಂದ ಕಳ್ಳರು ಬಾಣ ಬಿಡುತ್ತಿದ್ದರು. ನನ್ನ ಬಿಲ್ಲುಗಾತಿಗೆ ಗಾಯವಾಗಿ, ಇನ್ನೊಂದು ಏಟು ಬಿದ್ದರೆ ಉಳಿಯುವಂತಿರಲಿಲ್ಲ. ಗೋಡೆಯ ಹಿಂದೆ ಕುಳಿತಿದ್ದಳು. ಅಷ್ಟರಲ್ಲಿ ಶಿರಹಟ್ಟಿಯಿಂದ ದೊಡ್ಡ ಮಾವ, ನನ್ನ ಮಾವನ ಅಣ್ಣ, ಬಾಗಿಲಲ್ಲಿ ಕೆಮ್ಮಿದರು.

ಅವರೆದುರು ಈ ಮನೆಯ ಸೊಸೆಯಂದಿರು ಕುರ್ಚಿಯ ಮೇಲೆ ಕೂರುವುದಿಲ್ಲ. ಯಾರೂ ಹೇಳಬೇಕಿರಲಿಲ್ಲ, ನನ್ನ ಕಾಲುಗಳೇ ಎದ್ದವು. “ನನ್ನಾಕಿ ಗೋಡಿ ಹಿಂದನ ಇರ್ತಾಳ, ಹೊರಗ ಬರಂಗಿಲ್ಲ. ಸರದಿ ಬಂದ್ರ ಕರೀರಿ” ಎಂದು ಮೈದುನನಿಗೆ ಪಿಸುಗುಟ್ಟಿ ಒಳಗೆ ಹೋದೆ. “ಆತ್ರಿ ವೈನಿ” ಎಂದ.

ನಮ್ಮ ಅಡುಗೆಮನೆಯ ಪರದೆ ಇಲ್ಲಿಯದೇ ಮಗ್ಗದ ಬಟ್ಟೆ. ಅತ್ತೆಯ ಕಣ್ಣಿನ ಎತ್ತರಕ್ಕೆ ಸರಿಯಾಗಿ ಅದರಲ್ಲಿ ಎಳೆ ಸರಿದು ಸಣ್ಣ ಸಂದಾಗಿದೆ. ಬಂದವರೆಷ್ಟು, ಕಪ್ಪೆಷ್ಟು ಎಂದು ಅಲ್ಲಿಂದಲೇ ನೋಡಿ ನೋಡಿ ಆದದ್ದು. ನೀರು ಕಾಯಲು ಇಟ್ಟು ನಾನೂ ಅಲ್ಲೇ ಕಣ್ಣಿಟ್ಟೆ. ದೊಡ್ಡ ಮಾವ ನನ್ನ ಕುರ್ಚಿಯಲ್ಲಿ ಕುಳಿತಿದ್ದರು.

“ಏನಲೇ ಇದು, ಚೌಕಾಬಾರ ಏನು?”

“ಯುದ್ಧ ನಡದೈತ್ರಿ ಹಿರಿಯಾರ” ಎಂದ ಗೆಳೆಯ.

ನನ್ನ ಗಂಡನ ದನಿ ಕೇಳಿಸಿತು. “ನಾ ಬಯಲಾಗ ಸಿಕ್ಕೊಂಡೀನಿ. ಈಕಿನ್ನ ಗೋಡಿ ಬಿಡಿಸಿ ಈ ಕಡೆ ಸರಸಲೇ. ನಾ ಹಿಂದ ನಿಂದರ್ತೀನಿ. ಅರ್ಧ ತಡೆ ಸಿಗತೈತಿ.”

“ವೈನಿ ಹೊರಗ ಬರಂಗಿಲ್ಲ ಅಂದಾರ.”

“ಆಕಿ ಚಾ ಮಾಡಾಕ ಹೋಗ್ಯಾಳ. ಸರಸಲೇ.”

ಗೆಳೆಯ ನಕ್ಕ. “ಕತ್ತಿವೀರ ಅಂತ! ಹೆಂಡ್ತಿ ಸೆರಗಿನ ಹಿಂದ ಅಡಗ್ಯಾನ.”

ಮೈದುನ ನನ್ನ ಗುಂಡಿಯನ್ನು ಬಯಲಿಗೆ ಸರಿಸಿದ. ಕಳ್ಳರ ಬಾಣಕ್ಕೆ ಸ್ಟೀಲಿನ ತಟ್ಟೆಯಲ್ಲಿ ದಾಳ ಉರುಳಿತು. ಮೈದುನ ಬಗ್ಗಿ ದಾಳ ನೋಡಿ ಹೇಳಿದ: “ಬಾಣ ನಡುವಿನಾಕಿಗೆ ಬಿತ್ತು. ವೈನಿ ಬಿಲ್ಲುಗಾತಿ ಹೋದ್ಲು.”

“ಹೋಗ್ಲಿ ಬಿಡು. ಆಕಿಗೇನು, ಬ್ಯಾರೆ ಗುಂಡಿ ಕೊಟ್ರಾತು.” ಹಾಗೆನ್ನುತ್ತ ನನ್ನ ಗಂಡ ಬೆರಳಿನಿಂದ ಆ ನೀಲಿ ಗುಂಡಿಯನ್ನು ಚಿಮ್ಮಿದರು. ಅದು ಹೋಗಿ ಮಿರ್ಚಿ ತಟ್ಟೆಯ ಎಣ್ಣೆಯಲ್ಲಿ ಬಿತ್ತು.

ಕೇಳಿದ್ದರೆ ನಾನೇ ಮುಂದೆ ಬಂದು ನಿಲ್ಲುತ್ತಿದ್ದೆನೋ ಏನೋ. ಪರದೆಯಾಚೆ ನಾನಿದ್ದೇನೆ, ಒಂದು ಕೂಗು ಸಾಕಿತ್ತು. ಕೂಗಬೇಕು ಅಂತಲೇ ಅನ್ನಿಸಲಿಲ್ಲ ಅವರಿಗೆ. ನಾನು ಎದ್ದು ಹೋದ ಕೂಡಲೇ ನನ್ನದೆಲ್ಲ ಮನೆಯ ಸಾಮಾನಾಯಿತು, ಬೇಕಾದಲ್ಲಿಗೆ ಎಳೆದುಕೊಳ್ಳಬಹುದಾದ ಮಣೆಯ ಹಾಗೆ.

“ಅದು ನಿಯಮದಾಗಿಲ್ಲ” ಎಂದೆ. ಪರದೆಯ ಹಿಂದಿನಿಂದಲೇ, ನನಗೇ ಗುರುತು ಸಿಗದಷ್ಟು ಜೋರಾಗಿ.

ಒಲೆಯ ಬಳಿಯಿದ್ದ ಅತ್ತೆ ಬಂದು ನನ್ನ ರಟ್ಟೆ ಹಿಡಿದರು. “ಸುಮ್ನಿರ ನಮ್ಮವ್ವಾ. ದೊಡ್ಡಾವ್ರು ಅದಾರ.”

ಹೊರಗೆ ದೊಡ್ಡ ಮಾವ ಕೇಳಿದರು, “ಒಳಗಿಂದ ಯಾರು ಮಾತಾಡಿದ್ದು?”

ನನ್ನ ಗಂಡ ಉತ್ತರ ಕೊಡುತ್ತಾರೆಂದು ಕಾದೆ. ಅವರು ಪಟದ ಮೇಲಿನ ಬೆಂಕಿಪೊಟ್ಟಣ ನೆಟ್ಟಗೆ ಮಾಡುತ್ತಿದ್ದರು.

ಪರದೆ ಸರಿಸಿ ಹೊರಗೆ ಬಂದೆ. “ನಾನರೀ ಮಾವಾರ” ಎಂದು ಹೇಳಿ, ಗುಂಡಿಯನ್ನು ಎಣ್ಣೆಯಿಂದ ತೆಗೆದು, ಸೆರಗಿನಿಂದ ಒರೆಸಿ, ಗೋಡೆಯ ಹಿಂದೆ ಇಟ್ಟೆ. “ನಡು ನಿಂತಾವ್ರು ಅರ್ಧ ತಡೆ ಅಂತ ಬರದೈತಿ, ಖರೆ. ಆದ್ರ ಮಂದಿನ್ನ ಕೇಳದ ಎಳದು ನಡು ನಿಲ್ಲಸ್ಬೌದು ಅಂತ ಎಲ್ಲೂ ಬರದಿಲ್ಲ. ಈಕಿ ಇಲ್ಲೇ ಅದಾಳ. ದಾಳ ಮತ್ತ ಹಾಕ್ರಿ.”

“ಆಟ ಐತಿ, ಇಷ್ಟ್ಯಾಕ ಸಿಟ್ಟು?” ನನ್ನ ಗಂಡ ದೊಡ್ಡ ಮಾವನ ಕಡೆ ಕಣ್ಣು ಹೊರಳಿಸಿದರು.

“ಆಟ ಐತೆಲ್ಲ, ಹಂಗಾರ ನೀವ ಸಾಯ್ರಿ.”

ಗೆಳೆಯ ಬಾಯಿಗೆ ಕೈ ಅಡ್ಡ ಹಿಡಿದ. ನಾನು ಮೂಲೆಯ ಸ್ಟೂಲು ಎಳೆದು, ದೊಡ್ಡ ಮಾವನ ಎದುರಿಗೇ ಕುಳಿತೆ. ಮದುವೆಯಾದ ಮೇಲೆ ಅದೇ ಮೊದಲು. ಅವರು ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿದರು. “ಚಾ ಆಗಲಿಲ್ಲೇನು ಇನ್ನಾ?” ಎಂದರು, ಗೋಡೆಗೆ ಹೇಳುವವರ ಹಾಗೆ.

ಮೈದುನ ಅಣ್ಣನ ಮುಖ ನೋಡಿದ, ನನ್ನ ಮುಖ ನೋಡಿದ, ದಾಳ ಹಾಕಿದ. ಬಾಣ ತಾಕಿತು. ಬಯಲಿನಲ್ಲಿ ನಿಂತಿದ್ದ ಕತ್ತಿವೀರ ಬಿದ್ದ. ಸತ್ತಿರಲಿಲ್ಲ, ಆದರೆ ಯಾರಾದರೂ ಔಷಧಿ ಕುಡಿಸುವ ತನಕ ಏಳುವಂತಿಲ್ಲ.

“ಔಷಧಿ ಬಾಟ್ಲಿ ನಿನ್ನಾಕಿ ಕಡೆ ಐತೆಲ್ಲ?” ನನ್ನ ಗಂಡ ತಗ್ಗಿದ ದನಿಯಲ್ಲಿ ಕೇಳಿದರು.

“ಐತ್ರಿ. ಬಯಲಿಗೆ ಬಂದು ಕೊಡಾಕ ಆಗಂಗಿಲ್ಲ. ಬಿದ್ದಾವ್ರಿಗೆ ಸರದಿ ಇಲ್ಲ, ಖಾಲಿ ಅದೀರಿ. ನೀರು ಕಾದೈತಿ. ಚಾ ಮಾಡ್ರಿ.”

ಅವರು ಎದ್ದು ಪರದೆಯ ಹಿಂದೆ ಹೋದರು. ಸಂದಿನಲ್ಲಿ ಅತ್ತೆಯ ಕಣ್ಣು ಕಾಣಿಸಿತು, ನಮ್ಮೆಲ್ಲರನ್ನೂ ಎಣಿಸುತ್ತಿತ್ತು.

ಡಬ್ಬಿಗಳ ಮುಚ್ಚಳ ಒಂದೊಂದಾಗಿ ತೆಗೆಯುವ ಸದ್ದು. “ಸಕ್ರಿ ಎಲ್ಲೈತಿ?”

ನನ್ನ ಮದುವೆಯಾದಾಗಿನಿಂದ ಅದೇ ಹಿತ್ತಾಳೆ ಡಬ್ಬಿ, ಅದೇ ಜಾಗ. ಮೈದುನ ದಾಳವನ್ನು ನನ್ನ ಕಡೆ ಸರಿಸಿದ್ದ.

“ನನ್ನ ಸರದಿ ನಡದೈತ್ರಿ” ಎಂದೆ. ಕೋಟೆಯ ಮೇಲಿನ ಕಳ್ಳನಿಗೆ ಗುರಿಯಿಟ್ಟೆ.