ನಿನ್ನ ಕೈಯ ತಪ್ಪಲ್ಲ, ರೇಷ್ಮಾ

ರೇಷ್ಮಾ, ಪಿಸ್ತೂಲಿನ ಪರೀಕ್ಷೆಯಲ್ಲಿ ನೀನು ಸೋತದ್ದು ನನ್ನಿಂದ. ಇಪ್ಪತ್ತೆರಡು ವರ್ಷ ಇದನ್ನು ಬಚ್ಚಿಟ್ಟೆ.

ಮಹಾರಾಷ್ಟ್ರದ ಆ ಪೊಲೀಸ್ ತರಬೇತಿಯಲ್ಲಿ ಗಡಿಯ ಜತ್ತ ತಾಲೂಕಿನವರು ನಾವಿಬ್ಬರೇ — ನೀನು ದರಿಬಡಚಿಯವಳು, ನಾನು ಅಸಂಗಿಯವಳು. ಸುತ್ತ ಎಲ್ಲರೂ ಮರಾಠಿ. ಕನ್ನಡದಲ್ಲಿ ಮನಸ್ಸು ಬಿಚ್ಚಲು ನನಗೆ ನೀನೊಬ್ಬಳೇ. ಆದರೂ ನಿನ್ನನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು. ಓಟದಲ್ಲಿ ನೀನು ಮೊದಲು, ಕಾಯದೆಯ ಪಾಠದಲ್ಲೂ ನೀನೇ. ಊಟದ ಸಾಲಿನಲ್ಲಿ ಹುಡುಗಿಯರು ನಿನಗಾಗಿ ಜಾಗ ಹಿಡಿಯುತ್ತಿದ್ದರು. ನಾನು ಬರೀ 'ರೇಷ್ಮಾಳ ಗೆಳತಿ' — ಸುನಂದಾ ಎಂಬ ಹೆಸರು ಎಷ್ಟು ಜನಕ್ಕೆ ಗೊತ್ತಿತ್ತೋ...

ಪಿಸ್ತೂಲಿನ ಸ್ಲೈಡ್ ಒಂದೇ ನಿನಗೆ ಮಣಿಯಲಿಲ್ಲ. ಮೇಲಿನ ಆ ಉಕ್ಕಿನ ಭಾಗವನ್ನು ಪೂರ್ತಿ ಹಿಂದಕ್ಕೆ ಸರಿಸಿ ಬಿಟ್ಟರೇ ಗುಂಡು ನಳಿಗೆಗೆ ಏರುವುದು. ಸ್ಪ್ರಿಂಗ್ ಭಾರೀ ಬಿಗಿ. ನನಗೂ ಬರುತ್ತಿರಲಿಲ್ಲ. ಅದೊಂದರಲ್ಲಾದರೂ ನಾವು ಸಮ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ.

ನೀನು ಜ್ವರದಿಂದ ಮಲಗಿದ್ದ ಮಧ್ಯಾಹ್ನ ನಮಗೆ ಕಲಿಸುತ್ತಿದ್ದ ಹವಾಲ್ದಾರ ಬಾಯಿ — ಅವರ ತವರು ವಿಜಯಪುರ ಕಡೆಯದು — ನನ್ನ ಕೈ ಹಿಡಿದು ತೋರಿಸಿದರು.

"ಎರಡ ಬೆರಳಿಲೆ ಜಗ್ಗಬ್ಯಾಡವಾ. ಅಂಗೈ ಪೂರಾ ಮ್ಯಾಲ ಇಟ್ಟು ಸ್ಲೈಡ ಗಟ್ಟಿ ಹಿಡಿ. ಮೊಣಕೈ ಎದಿ ಹತ್ರ ಇರ್ಲಿ. ಈಗ ಪಿಸ್ತೂಲ ಹಿಡದ ಕೈ ಮುಂದಕ ದೂಡು. ಆಮ್ಯಾಲ ಸ್ಲೈಡ ಪಟ್ಟನ ಬಿಟ್ಟಬಿಡು."

ಎರಡನೇ ಸಲಕ್ಕೇ ಬಂತು. ತೋಳಿನ ಬಲದ ಮಾತೇ ಅಲ್ಲ ಅದು.

"ರೇಷ್ಮಾಗೂ ತಿಳಿಸವಾ," ಎಂದರು. ಮರುದಿನ ಅವರು ರಜೆಯ ಮೇಲೆ ಹೋದರು. ಅವರ ಜಾಗಕ್ಕೆ ಬಂದವನು ಬರೀ ಬೈಯುತ್ತಿದ್ದ.

ನೀನು ಹಾಸಿಗೆ ಬಿಟ್ಟೆದ್ದು ಬಂದು ಕೇಳಿದೆ: "ನಿನಗ ಹೆಂಗ ಬಂತು ಸುನಂದಾ? ನನಗೂ ಹೇಳ."

"ಬೆರಳಿಗೆ ಜೋರ ಬರಬೇಕ ನೋಡ, ಅಷ್ಟ," ಎಂದೆ.

ನೀನು ನಂಬಿದೆ. ದಿನವೂ ರಬ್ಬರ್ ಚೆಂಡು ಹಿಸುಕಿದೆ. ಎಳೆದೆಳೆದು ಬೆರಳ ತುದಿಯ ಚರ್ಮ ಕಿತ್ತು ಬಂದಾಗ ಪಟ್ಟಿ ಕಟ್ಟಿದವಳೂ ನಾನೇ — ಆಗಲೂ ಬಾಯಿ ಬಿಡಲಿಲ್ಲ. ಪರೀಕ್ಷೆಯ ದಿನ ನೀನು ಮೂರು ಸಲ ಎಳೆದೆ. ಮೂರು ಸಲವೂ ಅರ್ಧಕ್ಕೇ ನಿಂತಿತು. ಸಮಯ ಮುಗಿಯಿತು. ನೀನು ಮೈದಾನದಲ್ಲಿ ತಲೆ ತಗ್ಗಿಸಿ ನಿಂತದ್ದನ್ನು ನೋಡಿ ನನಗಾದದ್ದು ಸಂತೋಷ — ಅದಕ್ಕೆ ಬೇರೆ ಹೆಸರಿಲ್ಲ. ನಾನು ಕಾವಲು ಪಡೆಗೆ ಆಯ್ಕೆಯಾದೆ, ನಿನ್ನನ್ನು ದಾಖಲೆ ಕೋಣೆಗೆ ಹಾಕಿದರು.

ಹೋದ ತಿಂಗಳು ನಿಮ್ಮ ಮನೆಗೆ ಬಂದಿದ್ದೆನಲ್ಲ. ನಿನ್ನ ಮಗಳು ತಾನೂ ಪೊಲೀಸ್ ಭರ್ತಿಗೆ ಹೋಗುತ್ತೇನೆ ಎಂದಳು. ನೀನು ಅವಳಿಗೆ ಹೇಳಿದೆ: "ಬ್ಯಾಡ ಬೇಟಾ, ನಮ್ಮ ಕೈಯಾಗ ಅಷ್ಟ ಶಕ್ತಿ ಇಲ್ಲ. ಈ ಸುನಂದಾ ಮೌಶಿ ನನಗ ಭಾಳ ಹೇಳಿಕೊಟ್ಲು ಪಾಪ, ನನಗ ಬರಲಿಲ್ಲ."

ಹುಡುಗಿ ತನ್ನ ಕೈಗಳನ್ನು ನೋಡಿಕೊಂಡಳು. ನಾನು ಚಹಾ ಕುಡಿದು ಎದ್ದು ಬಂದೆ.

ಚಿಕ್ಕ ವಯಸ್ಸಾಗಿತ್ತು ಎನ್ನಲಾರೆ. ಗೊತ್ತಿದ್ದೇ ಮಾಡಿದೆ. ಹೀಗೆ ಕಾಗದದಲ್ಲಿ ಬರೆದರೆ ಸಾಲದು. ಈ ರವಿವಾರ ಬರುತ್ತೇನೆ. ಮಗಳನ್ನೂ ಹತ್ತಿರ ಕೂಡಿಸಿಕೋ. ಅವಳೆದುರಿಗೇ ಎಲ್ಲ ಹೇಳುತ್ತೇನೆ. ಆಮೇಲೆ ನೀನು ಎದ್ದು ಹೋಗು ಎಂದರೆ, ಹೋಗುತ್ತೇನೆ.